ಮರುಪ್ರಸಾರ ಕೇಂದ್ರ ಮುಚ್ಚಿದ ಮೇಲೆ ಮನೆಯ ಹಳೆಯ ಆಂಟೆನಾದಿಂದ ಇನ್ನೇನಾದರೂ ಪ್ರಯೋಜನವಿದೆಯೇ?

ಪ್ರಶ್ನೆ: ಮಲೆನಾಡಿಗ

ನನ್ನ ತಂದೆ-ತಾಯಿ ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದಾರೆ. ಹಂಚಿನ ಮಾಡಿಗಿಂತ ಎತ್ತರಕ್ಕೆ ನಿಲ್ಲಿಸಿದ ಕಬ್ಬಿಣದ ಪೈಪಿನ ತುದಿಯ ಆಂಟೆನಾದಿಂದಲೇ ಅವರು ಬಹುಕಾಲ ದೂರದರ್ಶನ ನೋಡಿಕೊಂಡು ಬಂದವರು. ಚಿತ್ರ ಎಂದೂ ಪೂರ್ತಿ ಸ್ವಚ್ಛವಾಗಿರಲಿಲ್ಲ. ಮಳೆಗಾಲದ ಗಾಳಿಗೆ ಆಂಟೆನಾ ತಿರುಗಿದಾಗ ಒಬ್ಬರು ಅಂಗಳದಲ್ಲಿ ನಿಂತು ಪೈಪನ್ನು ತಿರುಗಿಸುವುದು, ಇನ್ನೊಬ್ಬರು ಒಳಗಿನಿಂದ ‘ಬಂತು, ಬಂತು, ಅಲ್ಲೇ ಬಿಡಿ’ ಎಂದು ಕೂಗುವುದು ಇದ್ದದ್ದೇ. ಆದರೂ ಸಂಜೆಯ ಕನ್ನಡ ವಾರ್ತೆ ತಿಂಗಳ ಬಾಡಿಗೆಯಿಲ್ಲದೆ ಮನೆಗೆ ಬರುತ್ತಿತ್ತು.

ಹತ್ತಿರದ ಮರುಪ್ರಸಾರ ಕೇಂದ್ರ ಮುಚ್ಚಿದ ಮೇಲೆ ಪರದೆಯಲ್ಲಿ ಚುಕ್ಕೆಗಳು ಬಿಟ್ಟರೆ ಏನೂ ಇಲ್ಲ. ಪೇಟೆಯ ಅಂಗಡಿಯವರು ‘ಡಿಜಿಟಲ್ ಆಂಟೆನಾ’ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಇದು ನಿಜವೇ? ಊರಿನಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ತಿರುವಿನಲ್ಲಿ ಮಾತ್ರವಾದ್ದರಿಂದ ಫೋನಿನಲ್ಲಿ ನೋಡಿ ಎನ್ನುವ ಸಲಹೆ ನಮಗೆ ಒದಗುವುದಿಲ್ಲ. ಬೇರೆ ದೇಶಗಳಲ್ಲಿ ಆಂಟೆನಾ ವೀಕ್ಷಕರನ್ನು ಡಿಜಿಟಲ್‌ಗೆ ಕರೆದೊಯ್ದರೆಂದು ಓದಿದ್ದೇನೆ. ನಮ್ಮಲ್ಲಿ ಅವರನ್ನು ಕೈಬಿಟ್ಟದ್ದು ಏಕೆ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಪ್ರಸಾರ ತಂತ್ರಜ್ಞ

ಮಲೆನಾಡಿಗರೇ, ಮೊದಲಿಗೆ ಆ ಆಂಟೆನಾ ಕೊಳ್ಳಬೇಡಿ. ಡಿಜಿಟಲ್ ಆಂಟೆನಾ ಎಂಬ ಬೇರೆ ಜಾತಿಯ ವಸ್ತು ಇಲ್ಲ. ಆಂಟೆನಾ ಹಿಡಿಯುವುದು ರೇಡಿಯೊ ಅಲೆಗಳನ್ನು; ಆ ಅಲೆಯಲ್ಲಿರುವುದು ಅನಲಾಗ್ ಎಂಬ ಹಳೆಯ ವಿಧಾನದ ಚಿತ್ರವೋ ಡಿಜಿಟಲ್ ದತ್ತಾಂಶವೋ ಎಂಬುದನ್ನು ಬಿಡಿಸಿ ಓದುವ ಕೆಲಸ ಟಿವಿಯೊಳಗಿನ ಟ್ಯೂನರ್‌ನದು. ನೆಲದ ಮೇಲಿನ ಗೋಪುರದಿಂದ ಡಿಜಿಟಲ್ ಪ್ರಸಾರವೇ ಬಾರದ ಕಡೆ ಎಷ್ಟು ಬೆಲೆಯ ಆಂಟೆನಾ ಹಾಕಿಸಿದರೂ ಫಲವಿಲ್ಲ. ದೂರದರ್ಶನವು ಡಿವಿಬಿ-ಟಿ2 ಎಂಬ ವಿಧಾನದಲ್ಲಿ 2016ರ ಫೆಬ್ರವರಿಯಲ್ಲಿ 16 ನಗರಗಳಲ್ಲಿ ಇಂತಹ ಪ್ರಸಾರವನ್ನು ಆರಂಭಿಸಿತು. ಅವುಗಳಲ್ಲಿ ಬೆಂಗಳೂರು ಒಂದು. ಆದರೆ ಅಲ್ಲಿನ ಗೋಪುರದ ಸಿಗ್ನಲ್ ನಿಮ್ಮ ಘಟ್ಟದ ಊರನ್ನು ತಲುಪುವ ಮಾತೇ ಇಲ್ಲ.

ನಿಮ್ಮ ಊರಿನವರು ನೋಡುತ್ತಿದ್ದದ್ದು ಬಹುಶಃ 100 ವಾಟ್‌ನ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್‌ನಿಂದ ಬಂದ ಚಿತ್ರ. ಅಂಥದ್ದರ ವ್ಯಾಪ್ತಿ ಸುಮಾರು 15 ಕಿಲೋಮೀಟರ್. 1984ರಲ್ಲಿ ದಿನಕ್ಕೊಂದರಂತೆ ಇವುಗಳನ್ನು ಸ್ಥಾಪಿಸಿದ ಕಾಲವೊಂದಿತ್ತು, ಟಿವಿ ಸಣ್ಣ ಊರುಗಳಿಗೆ ಬಂದದ್ದೇ ಆಗ. ಅನಲಾಗ್‌ನಲ್ಲಿ ಸಿಗ್ನಲ್ ಕ್ಷೀಣಿಸಿದಂತೆ ಚಿತ್ರವೂ ಮೆಲ್ಲಗೆ ಮಸುಕಾಗುತ್ತದೆ, ಚುಕ್ಕೆಗಳ ನಡುವೆಯೂ ಮಾತು ಕೇಳಿಸುತ್ತದೆ. ಡಿಜಿಟಲ್‌ನದು ಘಟ್ಟದ ಅಂಚಿನ ಹಾಗೆ: ಅಂಚಿನವರೆಗೂ ಚಿತ್ರ ನಿಚ್ಚಳ, ಒಂದು ಹೆಜ್ಜೆ ತಪ್ಪಿದರೆ ಏನೂ ಇಲ್ಲ. ಆದ್ದರಿಂದ ವ್ಯಾಪ್ತಿಯ ಅಂಚಿನಲ್ಲಿ ಮಸುಕು ಚಿತ್ರವನ್ನೇ ನೆಚ್ಚಿಕೊಂಡಿದ್ದ ಮನೆಗಳು ಯಾವ ದೇಶದಲ್ಲೇ ಆಗಲಿ ಈ ಬದಲಾವಣೆಯಲ್ಲಿ ಮೊದಲು ಸೋಲುತ್ತವೆ.

ಏಕೆ ಕೈಬಿಟ್ಟರು ಎಂದು ಕೇಳಿದ್ದೀರಿ. ಆ ಹೊತ್ತಿಗೆ ಹೆಚ್ಚಿನ ಮನೆಗಳು ಕೇಬಲ್‌ಗೋ ಡಿಶ್‌ಗೋ ಹೋಗಿದ್ದವು. ಹಳೆಯ ಟ್ರಾನ್ಸ್‌ಮಿಟರ್‌ಗಳನ್ನು ನಡೆಸುವ ಖರ್ಚಿಗೆ ತಕ್ಕಷ್ಟು ವೀಕ್ಷಕರಿಲ್ಲ ಎಂಬುದು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯ ನಿಲುವಾಗಿತ್ತು. ಆಯಕಟ್ಟಿನ ಜಾಗಗಳ ಸುಮಾರು 50ನ್ನು ಬಿಟ್ಟು ಉಳಿದೆಲ್ಲ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಮಾರ್ಚ್ ವೇಳೆಗೆ ನಿಲ್ಲಿಸುವುದಾಗಿ ಅದು 2021ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ನೆಲದ ಡಿಜಿಟಲ್ ಪ್ರಸಾರದಲ್ಲಿ ಖಾಸಗಿಯವರಿಗೂ ಅವಕಾಶವಿರಲಿ ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2017ರಲ್ಲೇ ಶಿಫಾರಸು ಮಾಡಿದ್ದರೂ ಅದು ಕೈಗೂಡಲಿಲ್ಲ. ನೋಡಲು ನಾಲ್ಕಾರು ಸರ್ಕಾರಿ ವಾಹಿನಿಗಳಷ್ಟೇ ಇದ್ದುದರಿಂದ ಜನ ಹೊಸ ಟ್ಯೂನರ್ ಕೊಳ್ಳಲಿಲ್ಲ, ಕೊಳ್ಳುವವರಿಲ್ಲದ್ದರಿಂದ ಅಂಗಡಿಗಳಿಗೂ ಅದು ಬರಲಿಲ್ಲ. ಲೆಕ್ಕದ ದೃಷ್ಟಿಯಿಂದ ಮುಚ್ಚಿದ್ದು ಸರಿಯಿರಬಹುದು. ಆದರೆ ಕೊನೆಯವರೆಗೆ ಆಂಟೆನಾದಲ್ಲೇ ಉಳಿದವರು ಯಾರು, ಅವರಿಗೆ ಮುಂದೇನು ಎಂದು ಮನೆಮನೆಗೆ ಹೋಗಿ ಕೇಳಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2: ಶಿರಸಿ ಸೀಮೆಯ ವೀಕ್ಷಕ

ನಿಮಗಿರುವ ದಾರಿ ಡಿ.ಡಿ. ಫ್ರೀ ಡಿಶ್, ಅಂದರೆ ದೂರದರ್ಶನದ ಉಪಗ್ರಹ ಪ್ರಸಾರ ಸೇವೆ. 2004ರ ಡಿಸೆಂಬರ್‌ನಲ್ಲಿ ಬೇರೆ ಹೆಸರಿನಿಂದ ಶುರುವಾದ ಈ ಸೇವೆಗೆ ತಿಂಗಳ ಶುಲ್ಕವಿಲ್ಲ. ಡಿಶ್, ಸೆಟ್‌ಟಾಪ್ ಬಾಕ್ಸ್ ಮತ್ತು ಕೇಬಲ್‌ಗೆ ಒಮ್ಮೆ ಹಣ ಹಾಕಬೇಕು, ಅಷ್ಟೇ. ಚಂದನ ಬರುತ್ತದೆ. ಆದರೆ ವಾಹಿನಿಗಳ ಪಟ್ಟಿಯಲ್ಲಿ ಹಿಂದಿಯದೇ ಮೇಲುಗೈ, ಕನ್ನಡದ ಪಾಲು ತೀರ ಕಡಿಮೆ ಎಂಬುದನ್ನು ಹಿರಿಯರಿಗೆ ಮೊದಲೇ ಹೇಳಿಬಿಡಿ.

ಉಪಗ್ರಹವಿರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಕಡೆಯಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ಆಕಾಶದಲ್ಲಿ 60 ಡಿಗ್ರಿಗಿಂತ ತುಸು ಮೇಲಕ್ಕಿದೆ. ಇಷ್ಟು ಎತ್ತರದಲ್ಲಿರುವುದರಿಂದ ದೂರದ ಗುಡ್ಡ ಅಡ್ಡಬರುವುದಿಲ್ಲ, ಆದರೆ ಅಂಗಳಕ್ಕೆ ಒತ್ತಿಕೊಂಡಿರುವ ಅಡಿಕೆ ಮರದ ಸೋಗೆ ಖಂಡಿತ ಅಡ್ಡಬರುತ್ತದೆ. ಆಂಟೆನಾದ ಹಳೆಯ ಪೈಪಿನ ತುದಿಗೆ ಡಿಶ್ ಕಟ್ಟಿಸಬೇಡಿ. ಪೈಪು ಗಾಳಿಗೆ ಚೂರು ತೂಗಿದರೂ ಡಿಶ್‌ನ ಗುರಿ ತಪ್ಪುತ್ತದೆ. ಜಗಲಿಯ ಗಟ್ಟಿ ಗೋಡೆಗೆ ಬೋಲ್ಟ್ ಹಾಕಿಸಿ.

ಆಷಾಢದ ಮಳೆ ಹೊಯ್ಯುವಾಗ ಚಿತ್ರ ಚೌಕಚೌಕವಾಗಿ ಒಡೆದು ಕೆಲಹೊತ್ತು ನಿಂತೇ ಹೋಗುತ್ತದೆ, ಏಕೆಂದರೆ ಈ ಸೇವೆ ಬಳಸುವ ಕೆಯು ಬ್ಯಾಂಡ್ ಎಂಬ ತೀರ ಗಿಡ್ಡ ರೇಡಿಯೊ ಅಲೆಗಳನ್ನು ದಪ್ಪ ಮಳೆ ಹೀರಿಕೊಳ್ಳುತ್ತದೆ. ಹಳೆಯ ಆಂಟೆನಾಕ್ಕೆ ಈ ತೊಂದರೆ ಇರಲಿಲ್ಲ. ಮಳೆ ಇಳಿದರೆ ಚಿತ್ರ ತಾನಾಗಿ ಮರಳುತ್ತದೆ, ರಿಪೇರಿಯವರನ್ನು ಕರೆಸಬೇಕಾಗಿಲ್ಲ. ಮಳೆ ನಿಂತ ಮೇಲೂ ಬಾರದಿದ್ದರೆ ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗಕ್ಕೆ ಕೇಬಲ್ ಸೇರುವಲ್ಲಿ ನೀರು ಇಳಿದಿರುತ್ತದೆ. ಆ ಜಾಗಕ್ಕೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿಸಿ.

ಡಬ್ಬದಂಥ ಹಳೆಯ ಟಿವಿಯೇ ಸಾಕು. ಬಾಕ್ಸಿನಿಂದ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ವೈರ್‌ಗಳನ್ನು ಟಿವಿಯ ಎವಿ ಕಿಂಡಿಗಳಿಗೆ ಸೇರಿಸಬೇಕು. ವಯಸ್ಸಾದವರಿಗೆ ನಿಜವಾದ ಕಷ್ಟ ಎರಡು ರಿಮೋಟ್‌ಗಳದು: ಕೈತಪ್ಪಿ ಟಿವಿ ರಿಮೋಟ್ ಒತ್ತಿದರೆ ಎವಿಯಿಂದ ಆಚೆ ಹೋಗಿ ಪರದೆ ನೀಲಿಯಾಗುತ್ತದೆ, ಅವರು ಕೆಟ್ಟಿತೆಂದು ಆರಿಸಿಬಿಡುತ್ತಾರೆ. ಟಿವಿ ಎವಿಯಲ್ಲೇ ಇರಲಿ. ಧ್ವನಿಯನ್ನೂ ವಾಹಿನಿಯನ್ನೂ ಬಾಕ್ಸಿನ ರಿಮೋಟ್‌ನಿಂದಲೇ ಬದಲಾಯಿಸುವುದನ್ನು ರೂಢಿಮಾಡಿಸಿ, ಟಿವಿ ರಿಮೋಟನ್ನು ಬೇರೆಡೆ ಎತ್ತಿಡಿ.

ಉತ್ತರ 3: ನ್ಯೂಜೆರ್ಸಿ ಕನ್ನಡತಿ

ಅಮೆರಿಕದಲ್ಲಿ ವೀಕ್ಷಕರನ್ನು ಕೈಹಿಡಿದು ಕರೆದೊಯ್ದರು ಎಂಬುದು ಅರ್ಧ ನಿಜ. ಅನಲಾಗ್‌ನಿಂದ ಡಿಜಿಟಲ್‌ಗೆ 2009ರ ಫೆಬ್ರವರಿ 17ಕ್ಕೆ ನಿಗದಿಯಾಗಿದ್ದ ಬದಲಾವಣೆಯನ್ನು ಜೂನ್ 12ಕ್ಕೆ ಮುಂದೂಡಿದರು. ಹಳೆಯ ಟಿವಿಗೆ ಜೋಡಿಸುವ ಪರಿವರ್ತಕ ಪೆಟ್ಟಿಗೆಗಾಗಿ ಮನೆಗೆ ಎರಡರಂತೆ 40 ಡಾಲರ್‌ಗಳ ಕೂಪನ್ ಕೊಟ್ಟರು. ಆ ಯೋಜನೆಯ ಹಣವೂ ಜನವರಿಯಲ್ಲೇ ಮುಗಿದು ಜನ ಸರದಿಯಲ್ಲಿ ಕಾಯಬೇಕಾಯಿತು, ಮುಂದೂಡಿಕೆಗೆ ಅದೂ ಒಂದು ಕಾರಣ.

ಬದಲಾವಣೆಯ ದಿನದ ನಂತರವೂ ತೊಡಕು ತೀರಲಿಲ್ಲ. ನಮ್ಮ ಪಕ್ಕದ ಫಿಲಡೆಲ್ಫಿಯಾದ 6ನೇ ಚಾನೆಲ್ ಡಿಜಿಟಲ್ ಪ್ರಸಾರವನ್ನು ತನ್ನ ಹಳೆಯ ವಿಎಚ್‌ಎಫ್ (ಉದ್ದ ಅಲೆಗಳ) ತರಂಗಕ್ಕೇ ಮರಳಿಸಿದಾಗ, ಡಿಜಿಟಲ್‌ಗೆಂದೇ ಯುಎಚ್‌ಎಫ್ (ಗಿಡ್ಡ ಅಲೆಗಳ) ಚಿಕ್ಕ ಆಂಟೆನಾ ಕೊಂಡವರ ಮನೆಯಲ್ಲಿ ಅದು ಸಿಗದೇ ಹೋಯಿತು. ಬ್ಯಾಟರಿಯಿಂದ ನಡೆಯುವ ಪುಟ್ಟ ಟಿವಿಗಳು, ಚಂಡಮಾರುತದಲ್ಲಿ ಕರೆಂಟ್ ಹೋದಾಗ ಜನ ನೆಚ್ಚಿಕೊಂಡಿದ್ದವು, ಮೂಲೆ ಸೇರಿದವು. ಹಾಗೆಂದು ಲಾಭವೇ ಆಗಲಿಲ್ಲವೆಂದಲ್ಲ: ಒಂದೇ ತರಂಗದಲ್ಲಿ ಹಲವು ಉಪವಾಹಿನಿಗಳು ಬಂದುದರಿಂದ ಹಣ ಕೊಡದೆ ನೋಡುವವರಿಗೆ ಮೊದಲಿಗಿಂತ ಹೆಚ್ಚು ಕಾರ್ಯಕ್ರಮಗಳು ಸಿಕ್ಕಿವೆ. ಈಗ ಎಟಿಎಸ್‌ಸಿ 3.0 ಎಂಬ ಡಿಜಿಟಲ್ ಪ್ರಸಾರದ ಹೊಸ ವಿಧಾನ ಬಂದು, ಕೆಲವು ಕೇಂದ್ರಗಳು ಪ್ರಸಾರಕ್ಕೆ ಗೂಢಲಿಪಿಯ ಬೀಗ ಹಾಕತೊಡಗಿವೆ. ಎಲ್ಲರ ಸ್ವತ್ತಾದ ತರಂಗದಲ್ಲಿ ಹೀಗೆ ಮಾಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಮಲೆನಾಡಿಗ

ಎಲ್ಲರಿಗೂ ಕೃತಜ್ಞತೆಗಳು. ಮಳೆ ಹಿಡಿಯುವ ಮೊದಲೇ ಡಿಶ್ ಹಾಕಿಸುತ್ತೇನೆ. ಇನ್ನೊಂದು ಸಂದೇಹ: ಇಂಟರ್ನೆಟ್ ಇಲ್ಲದೆ ನೇರವಾಗಿ ಮೊಬೈಲ್‌ಗೆ ಟಿವಿ ಪ್ರಸಾರ ಬರುತ್ತದೆಂಬ ಸುದ್ದಿಯನ್ನು ನಂಬಿ ಕಾಯಬಹುದೇ?

ನಿವೃತ್ತ ಪ್ರಸಾರ ತಂತ್ರಜ್ಞ

ಕಾಯಬೇಡಿ. ಅದರ ಪ್ರಯೋಗ ಬೆಂಗಳೂರಿನಲ್ಲೂ ನಡೆದಿದೆ, ಮೇಲೆ ಹೇಳಿದ ಎಟಿಎಸ್‌ಸಿ 3.0 ಅದಕ್ಕೂ ಆಧಾರ. ಆದರೆ ಅದಕ್ಕೆ ಗೋಪುರವೂ ಬೇಕು, ಫೋನಿನೊಳಗೆ ತಕ್ಕ ಚಿಪ್ಪೂ ಬೇಕು. ಡಿಶ್ ಕೂರಿಸಿದ ಮೇಲೆ ಹಳೆಯ ಆಂಟೆನಾವನ್ನೂ ಪೈಪನ್ನೂ ಇಳಿಸಿಬಿಡಿ. ಮಾಡಿಗಿಂತ ಎತ್ತರದ ಕಬ್ಬಿಣ ಗುಡುಗು-ಸಿಡಿಲಿನ ಕಾಲದಲ್ಲಿ ಸುಮ್ಮನೆ ನಿಂತಿರುವುದು ಅಪಾಯ.