ಓರಾಕಲ್‌ನ ಹಳೆಯ (+) ತೆಗೆದು ಲೆಫ್ಟ್ ಜಾಯಿನ್ ಹಾಕಿದರೆ ಎಲ್ಲ ಡೇಟಾಬೇಸ್‌ಗೂ ಸಾಕಾ?

ಪ್ರಶ್ನೆ:
ನಮ್ಮ ರಿಪೋರ್ಟ್ ಕ್ವೆರಿಗಳೆಲ್ಲ ಓರಾಕಲ್‌ಗೆ ಬರೆದವು, ತುಂಬ (+) ಗುರುತು (ಜೋಡಿ ಸಿಗದಿದ್ದರೂ ಸಾಲು ಉಳಿಸಲು ಓರಾಕಲ್‌ನ ಹಳೆಯ ಬರಹ). ಈಗ ಅವೇ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಮೇಲೂ ಓಡಬೇಕು. ಒಂದನ್ನು ಲೆಫ್ಟ್ ಔಟರ್ ಜಾಯಿನ್‌ಗೆ (ಎಡಗಡೆ ಟೇಬಲ್‌ನ ಎಲ್ಲ ಸಾಲು ಉಳಿಸುವ ಜೋಡಣೆ) ಬದಲಾಯಿಸಿದೆ. ಎರರ್ ಇಲ್ಲ, ಆದರೆ ಬಿಲ್ ಇಲ್ಲದ ಗ್ರಾಹಕರೆಲ್ಲ ಪಟ್ಟಿಯಿಂದ ಮಾಯ!

ಉತ್ತರ 1:
ಸಿಂಟ್ಯಾಕ್ಸ್ ಬಗ್ಗೆ ಚಿಂತೆ ಬೇಡ. ಲೆಫ್ಟ್ ಜಾಯಿನ್ 1992ರ ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್‌ನಲ್ಲೇ ಇದೆ, ಓರಾಕಲ್ ಕೂಡ 9ಐ ಆವೃತ್ತಿಯಿಂದ ಒಪ್ಪುತ್ತದೆ. ನಿಮ್ಮ ವೇರ್‌ನಲ್ಲಿ (ಸಾಲು ಸೋಸುವ ಭಾಗ) ಏನಿದೆ?

ಪ್ರಶ್ನೆ ಕೇಳಿದವರು:
ಮೊದಲು ಎರಡು ಷರತ್ತು ಇದ್ದವು:
ಗ್ರಾಹಕ.ಐಡಿ = ಬಿಲ್.ಗ್ರಾಹಕ_ಐಡಿ(+)
ಬಿಲ್.ಸ್ಥಿತಿ(+) = 'ಬಾಕಿ'
ಮೊದಲನೆಯದು ಆನ್‌ಗೆ (ಜಾಯಿನ್‌ನ ಷರತ್ತು ಬರೆಯುವ ಭಾಗ) ಹೋಯಿತು. ಎರಡನೆಯದರ (+) ಅಳಿಸಿ ವೇರ್‌ನಲ್ಲೇ ಬಿಟ್ಟಿದ್ದೇನೆ.

ಉತ್ತರ 2:
ಎಡವಟ್ಟು ಅಲ್ಲೇ ಇರೋದು. ಬಿಲ್ ಇಲ್ಲದ ಗ್ರಾಹಕನ ಸಾಲಿನಲ್ಲಿ ಸ್ಥಿತಿ ನಲ್ (ಖಾಲಿ) ಆಗಿರುತ್ತದೆ. ನಲ್ ಅನ್ನು 'ಬಾಕಿ' ಜೊತೆ ಹೋಲಿಸಿದರೆ ನಿಜ ಅಂತ ಬರುವುದೇ ಇಲ್ಲ, ವೇರ್ ಆ ಸಾಲನ್ನು ಎಸೆಯುತ್ತದೆ. ಹೆಸರಿಗೆ ಲೆಫ್ಟ್ ಜಾಯಿನ್, ಕೆಲಸ ಇನ್ನರ್ ಜಾಯಿನ್‌ದು (ಜೋಡಿ ಸಿಕ್ಕ ಸಾಲು ಮಾತ್ರ ಉಳಿಯುತ್ತದೆ). ಹೀಗೆ ಬರೆಯಿರಿ:

ಫ್ರಮ್ ಗ್ರಾಹಕ ಗ್ರಾ
ಲೆಫ್ಟ್ ಜಾಯಿನ್ ಬಿಲ್ ಬಿ
ಆನ್ ಬಿ.ಗ್ರಾಹಕ_ಐಡಿ = ಗ್ರಾ.ಐಡಿ
ಆಂಡ್ ಬಿ.ಸ್ಥಿತಿ = 'ಬಾಕಿ'

ಬಲಗಡೆ ಟೇಬಲ್‌ನ ಯಾವ ಷರತ್ತಿಗೆ (+) ಇತ್ತೋ ಅದೆಲ್ಲ ಆನ್‌ಗೆ. ಎಡಗಡೆ ಟೇಬಲ್‌ನ ಫಿಲ್ಟರ್ ವೇರ್‌ನಲ್ಲೇ ಇರಲಿ. ಅದನ್ನೂ ಆನ್‌ಗೆ ತಂದರೆ ಬೇಡದ ಗ್ರಾಹಕರೂ ಬಂದು ಕೂರುತ್ತಾರೆ. ಇನ್ನೊಂದು, ಟೇಬಲ್ ಅಲಿಯಾಸ್ (ಗ್ರಾ, ಬಿ ಥರದ ಚಿಕ್ಕ ಹೆಸರು) ಮುಂದೆ 'ಆಸ್' ಬೇಡ. ಬೇರೆಯವು ಸುಮ್ನೆ ಇರುತ್ತವೆ, ಓರಾಕಲ್ ಎರರ್ ಕೊಡುತ್ತದೆ.

ಪ್ರಶ್ನೆ ಕೇಳಿದವರು:
ಸರಿಹೋಯ್ತು, ಥ್ಯಾಂಕ್ಸ್! ಕೆಲವು ಕಡೆ ಎರಡು ಕ್ವೆರಿಗಳನ್ನು ಯೂನಿಯನ್‌ನಿಂದ ಜೋಡಿಸಿದ್ದಾರೆ, ಒಂದರಲ್ಲಿ (+) ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಇದನ್ನು ಫುಲ್ ಔಟರ್ ಜಾಯಿನ್ (ಎರಡೂ ಟೇಬಲ್‌ನ ಎಲ್ಲ ಸಾಲು ಉಳಿಸುವುದು) ಮಾಡಿಬಿಡಲಾ?

ಉತ್ತರ 1:
ಬೇಡ. ಒಂದೇ ಷರತ್ತಿನ ಎರಡೂ ಕಡೆ (+) ಹಾಕಲು ಓರಾಕಲ್ ಬಿಡುವುದಿಲ್ಲ, ಅದಕ್ಕೇ ಹಳಬರು ಹಾಗೆ ಬರೆದಿರುವುದು. ಪೋಸ್ಟ್‌ಗ್ರೆಸ್‌ನಲ್ಲಿ ಫುಲ್ ಜಾಯಿನ್ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ.

ಉತ್ತರ 2:
ಹೌದು, ಯೂನಿಯನ್ ಹಾಗೇ ಇರಲಿ, ಒಳಗಿನ ಎರಡು ಭಾಗ ಮಾತ್ರ ಬದಲಾಯಿಸಿ. ಆದರೆ ಬರೀ ಯೂನಿಯನ್ ಒಂದೇ ಥರದ ಸಾಲುಗಳನ್ನು ಒಂದಾಗಿಸುತ್ತದೆ. ಒಬ್ಬರಿಗೆ ಒಂದೇ ಮೊತ್ತದ ಎರಡು ಬಿಲ್ ಇದ್ದು, ಬಿಲ್ ನಂಬರ್ ಸೆಲೆಕ್ಟ್‌ನಲ್ಲಿ ಇಲ್ಲದಿದ್ದರೆ ಒಂದು ಹೋಯಿತು ಅಂತಲೇ. ಯೂನಿಯನ್ ಆಲ್ ಹಾಕಿ (ಅದು ಸಾಲುಗಳನ್ನು ಒಂದಾಗಿಸುವುದಿಲ್ಲ), ಎಲ್ಲ ಬಿಲ್ ಉಳಿಸುವ ಭಾಗದಲ್ಲಿ 'ವೇರ್ ಗ್ರಾ.ಐಡಿ ಈಸ್ ನಲ್' ಸೇರಿಸಿ.