ಕ್ರೀಟ್ ದ್ವೀಪದ ಸಮರಿಯಾ ಕಣಿವೆ: ಮೊಣಕಾಲು ನೋವಿದ್ದವರು ನಡೆಯಬಹುದಾ?

ಪ್ರಶ್ನೆ, ಬದಿಯಡ್ಕದಿಂದ:
ಮಗಳು ಅಥೆನ್ಸಿನಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರಿನಲ್ಲಿ ನಾನೂ ಹೆಂಡತಿಯೂ ಹೋಗುವವರಿದ್ದೇವೆ. ಕ್ರೀಟಿಗೆ ಹೋಗಿ ಸಮರಿಯಾ ಕಣಿವೆ ನಡೆಯಲೇಬೇಕು ಅಂತ ಅವಳ ಹಠ. 16 ಕಿಲೋಮೀಟರ್ ಅಂತೆ. ತೋಟದಲ್ಲಿ ದಿನಾ ಓಡಾಡುವವರಿಗೆ ದೂರದ ಹೆದರಿಕೆ ಇಲ್ಲ. ಆದರೆ ರಾಣಿಪುರಂ ಗುಡ್ಡ ಇಳಿಯುವಾಗ ಹೆಂಡತಿಯ ಮೊಣಕಾಲು ಹಿಡಿದುಕೊಂಡಿತ್ತು. ಹೋದವರು ಯಾರಾದರೂ ಇದ್ದರೆ ಹೇಳಿ ಮಾರಾಯ್ರೆ.

ಕುಂಬಳೆಯಿಂದ:
ಅಣ್ಣ, ಅದು ಪೂರ್ತಿ ಇಳಿಯುವ ದಾರಿ. ಕ್ಸಿಲೋಸ್ಕಾಲೋ ಅನ್ನುವಲ್ಲಿ ಸುಮಾರು 1,230 ಮೀಟರ್ ಎತ್ತರದಲ್ಲಿ ಶುರು, ಮುಗಿಯುವುದು ಸಮುದ್ರದ ಬದಿಯ ಅಗಿಯಾ ರೂಮೆಲಿಯಲ್ಲಿ. ಮೊದಲ ಕೆಲವು ಕಿಲೋಮೀಟರಿನಲ್ಲೇ ಸುಮಾರು ಅರ್ಧ ಎತ್ತರ ಇಳಿದಾಗುತ್ತದೆ. ಮೊಣಕಾಲಿನ ಪರೀಕ್ಷೆ ಅಲ್ಲೇ. ಆಮೇಲೆ ಹೊಳೆಯ ಪಾತ್ರದಲ್ಲೇ ನಡಿಗೆ. ಉರುಟು ಕಲ್ಲುಗಳು, ಕಾಲಿಟ್ಟರೆ ಹೊರಳುತ್ತವೆ. ಎದುರಿನ ಬಂಡೆ ನೋಡುವ ಆಸೆ ಬಂದರೆ ಮೊದಲು ನಿಲ್ಲಿ, ಆಮೇಲೆ ತಲೆ ಎತ್ತಿ. ನಡೆಯುತ್ತಾ ನೋಡಿದರೆ ಬಿದ್ದಿರಿ ಅಂತಲೇ ಲೆಕ್ಕ! ಕೋಲು ಬೇಕು, ಹಿಮ್ಮಡಿ ಗಟ್ಟಿಯಿರುವ ಶೂ ಬೇಕು. ಚಪ್ಪಲಿ ಬೇಡವೇ ಬೇಡ.

ನೀರಿನ ಚಿಂತೆ ಇಲ್ಲ, ದಾರಿಯಲ್ಲಿ ಅಲ್ಲಲ್ಲಿ ಊಟೆಯ ನೀರು ಸಿಗುತ್ತದೆ, ಬಾಟಲಿ ತುಂಬಿಸಿಕೊಳ್ಳಬಹುದು. ತಿನ್ನಲು ಮಾತ್ರ ನೀವೇ ಒಯ್ಯಬೇಕು. ಅರ್ಧ ದಾರಿಯಲ್ಲಿ ಸಮರಿಯಾ ಅನ್ನುವ ಖಾಲಿ ಹಳ್ಳಿ ಇದೆ. 1962ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡುವಾಗ ಜನ ಬಿಟ್ಟು ಹೋದ ಊರು. ಕ್ರಿಕ್ರಿ ಅನ್ನುವ ಕಾಡುಮೇಕೆಗಳು ಕಾಣುವುದು ಅಲ್ಲೇ ಜಾಸ್ತಿ.

ಮಂಜೇಶ್ವರದಿಂದ:
ಅಕ್ಕನ ಮೊಣಕಾಲಿಗೆ ಇನ್ನೊಂದು ದಾರಿ ಉಂಟು. ದೋಣಿಯಲ್ಲಿ ಅಗಿಯಾ ರೂಮೆಲಿಗೆ ಹೋಗಿ, ಕೆಳಗಿನಿಂದ ಕಣಿವೆಯೊಳಗೆ ನಡೆದು, ಸಿದೆರೋಪೋರ್ತೆಸ್ ನೋಡಿ ವಾಪಸ್ ಬರಬಹುದು. ಎರಡೂ ಬದಿಯ ಬಂಡೆ ಹತ್ತಿರ ಬಂದು ನಡುವೆ ಸುಮಾರು 4 ಮೀಟರ್ ಮಾತ್ರ ಜಾಗ ಉಳಿಯುವ ಕಡೆ ಅದು. ನೋಡಬೇಕಾದ್ದು ಅದೇ ಅಲ್ವಾ? ನೀವು, ಮಗಳು ಮೇಲಿಂದ ಬನ್ನಿ, ಅಕ್ಕ ಕೆಳಗೆ ಕಾಯಲಿ.

ಕುಂಬಳೆಯಿಂದ:
ಹೌದು, ಇದೇ ಸರಿ. ಒಂದು ಮಾತು: ಅಗಿಯಾ ರೂಮೆಲಿಗೆ ಮೋಟಾರು ರಸ್ತೆ ಇಲ್ಲ. ಸಂಜೆಯ ದೋಣಿ ತಪ್ಪಿದರೆ ರಾತ್ರಿ ಅಲ್ಲೇ. ಹಾಗಾಗಿ ಬೆಳಿಗ್ಗೆ ಬೇಗ ಹೊರಡಿ. ಮಳೆ ಬಂದ ದಿನ ಕಲ್ಲು ಬೀಳುತ್ತದೆ ಅಂತ ಗೇಟು ಹಾಕುತ್ತಾರೆ, ಹಿಂದಿನ ದಿನವೇ ವಿಚಾರಿಸಿ.

ಬದಿಯಡ್ಕದಿಂದ:
ಇವಳಿಗೆ ಓದಿ ಹೇಳಿದೆ. "ನಾನು ಕೆಳಗಿಂದಲೇ" ಅಂದಳು. ದೋಣಿ ಎಲ್ಲಿಂದ ಹಿಡಿಯಬೇಕು, ಸ್ಫಾಕಿಯಾದಿಂದಲೇ?