ಮೇಲಿನಮನೆ ಬಳಗ: ನೀಲಿ ಡೇರೆ ಹೂವಿನ ತಕರಾರು

ಸಾವಿತ್ರಿ ದೊಡ್ಡಮ್ಮ: [ಫೋಟೋ] ಶಾರದಾ, ನಿನ್ನ ನೀಲಿ ಡೇರೆ ಇವತ್ತು ಅರಳಿತು. ಇದನ್ನ ನೀಲಿ ಅಂತಾರಾ?

ಶಾರದತ್ತೆ: ನಾನೆಲ್ಲಿ ನೀಲಿ ಅಂದೆ ಅತ್ತಿಗೆ? ಅದು ನೇರಳೆನೇ.

ಸಾವಿತ್ರಿ ದೊಡ್ಡಮ್ಮ: [ಫೋಟೋ] ಹೋದ ಶ್ರಾವಣದಲ್ಲಿ ನೀನೇ ಹಾಕಿದ್ದು. ಇದನ್ನ ನೋಡೇ ಗೆಡ್ಡೆ ಕೇಳಿದ್ದು ನಾನು. ಎರಡು ಬುಡ ಆಂಥೂರಿಯಂ ಕೊಟ್ಟು ತಂದಿದ್ದು.

ಶಾರದತ್ತೆ: ಫೋಟೋ ಹಾಕಿದ್ದು ನಾನು. ನೀಲಿ ಅಂತ ಬರ್ದಿದ್ದು ನೀವು. ಅದರ ಕೆಳಗೇ ಇದೆ ನೋಡಿ, "ಎಂಥ ನೀಲಿ ಮಾರಾಯ್ತಿ" ಅಂತ.

ಕಿಟ್ಟಣ್ಣ: ಅತ್ತೆ ಫಿಲ್ಟರ್ ಹಾಕಿದ್ರಾ? 😄

ಶಾರದತ್ತೆ: ನಂಗೆ ಗೊತ್ತಿರೋ ಫಿಲ್ಟರ್ ಕಾಫಿದೊಂದೇ.

ರಮ್ಯ: ಅತ್ತೆ, ಮಳೆಗೆ ಹೂ ಕೊಳೀಬಾರ್ದು ಅಂತ ಕುಂಡ ಎಲ್ಲಿಟ್ಟಿದ್ರಿ?

ಶಾರದತ್ತೆ: ಅಂಗಳದಲ್ಲಿ, ಟಾರ್ಪಾಲಿನ ಕೆಳಗೆ.

ರಮ್ಯ: ಟಾರ್ಪಾಲು ಯಾವ ಬಣ್ಣ?

ಶಾರದತ್ತೆ: ನೀಲಿ.

ಕಿಟ್ಟಣ್ಣ: ಕಳ್ಳ ಸಿಕ್ಕ 😂

ಸಾವಿತ್ರಿ ದೊಡ್ಡಮ್ಮ: ಅದೆಂಥ ಮಾತು ರಮ್ಯಾ. ಅದರ ಕೆಳಗೆ ನಿಂತವಳಿಗೆ ನೇರಳೆ ಕಾಣುತ್ತಂತೆ, ಫೋನಿಗೆ ಮಾತ್ರ ನೀಲಿಯಾ?

ರಮ್ಯ: ಹೌದು ದೊಡ್ಡಮ್ಮ, ಹಾಗೇ ಆಗೋದು. ನಮ್ಮ ಕಣ್ಣು ಬೆಳಕಿಗೆ ಹೊಂದ್ಕೊಳ್ಳುತ್ತೆ. ಟಾರ್ಪಾಲಿನ ಕೆಳಗೂ ಅನ್ನ ಬೆಳ್ಳಗೇ ಕಾಣುತ್ತಲ್ಲ, ಹಾಗೆ. ಫೋನು ಪಾಪ, ಬೆಳಕು ಎಂಥದು ಅಂತ ಚಿತ್ರದಲ್ಲಿರೋದನ್ನ ನೋಡೇ ಊಹಿಸ್ಬೇಕು. ಅತ್ತೆ ಹತ್ತಿರ ಹೋಗಿ ಬರೀ ಹೂವನ್ನೇ ತುಂಬಿಸಿದಾರೆ. ಬಿಳಿ ಯಾವ್ದು ಅಂತ ತಿಳಿಯೋಕೆ ಅದಕ್ಕೆ ಒಂದು ಗೋಡೆ ತುಂಡೂ ಇಲ್ಲ. ಅದರ ಮೇಲೆ ಹೂ ಅಂತ ಗುರುತು ಸಿಕ್ಕಿದ್ರೆ ಕೆಲವು ಫೋನು ತಾನೇ ಬಣ್ಣ ಏರಿಸುತ್ತೆ.

ಮತ್ತೆ ಇನ್ನೊಂದು, ಬೇಜಾರು ಮಾಡ್ಕೋಬೇಡಿ. ಡೇರೆಯಲ್ಲಿ ಅಚ್ಚ ನೀಲಿ ಜಾತಿ ಇಲ್ಲವೇ ಇಲ್ಲ. ಎಷ್ಟೋ ನೀಲಿ ಹೂಗಳಲ್ಲಿರೋ ಡೆಲ್ಫಿನಿಡಿನ್ ಅನ್ನೋ ಬಣ್ಣದ ವಸ್ತು ಆ ಗಿಡಕ್ಕೆ ಮಾಡೋಕೆ ಬರಲ್ಲ.

ದೊಡ್ಡಪ್ಪ: ನಂಗೆ ಎರಡು ಫೋಟೋನೂ ಕಂದು ಕಾಣ್ತಿದೆ. ಜಗಳ ಯಾತಕ್ಕೆ?

ಕಿಟ್ಟಣ್ಣ: ಅಪ್ಪ, ಕಣ್ಣಿಗೆ ಹಿತ ಅಂತ ನಿಮ್ಮ ಫೋನಿನ ಪರದೆ ಹಳದಿ ಮಾಡಿಕೊಟ್ಟಿದ್ದು ನಾನೇ. ನಿಮ್ಮ ಸಾಕ್ಷಿ ನಡೆಯಲ್ಲ.

ಸಾವಿತ್ರಿ ದೊಡ್ಡಮ್ಮ: ಹಾಗಾದ್ರೆ ಸರಿಯಾಗಿ ತೆಗೆಯೋದು ಹೇಗೆ ಅಂತ ಹೇಳು. ಇವರ ಪಂಚೆ ಪಕ್ಕಕ್ಕೆ ಇಡ್ಲಾ, ಬೆಳ್ಳಗಿದೆ.

ರಮ್ಯ: ಪಂಚೆ ಬೇಡ! ಒಗೆದು ನೀಲಿಗೆ ಅದ್ದಿರ್ತೀರಿ 😀 ಥರ್ಮಾಕೋಲ್ ಚೂರು ಇದ್ರೆ ಅದು ಆಗುತ್ತೆ. ನಾನಾದ್ರೆ ಬೂದು ಕಾರ್ಡ್ ಇಡ್ತೀನಿ, ಬಣ್ಣ ಸರಿ ಮಾಡೋಕೆ ಅಂತಲೇ ಇರೋ ಅಚ್ಚ ಬೂದು ರಟ್ಟು. ಕುಂಡ ಬಯಲಿಗೆ ತನ್ನಿ, ಮೋಡದ ಬೆಳಕೇ ಒಳ್ಳೇದು. ಹೂವಿನ ಪಕ್ಕ ಚೂರು ಇಟ್ಟು ಒಂದು ಫೋಟೋ, ಚೂರು ತೆಗೆದು ಇನ್ನೊಂದು. ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ದಿದ್ರೆ ವಾಟ್ಸಾಪ್ ಹಿಂಡಿ ಹಿಪ್ಪೆ ಮಾಡುತ್ತೆ.

(ಮಧ್ಯಾಹ್ನ)

ರಮ್ಯ: [ಫೋಟೋ] ಥರ್ಮಾಕೋಲ್ ಬೆಳ್ಳಗೆ ಬರೋ ಹಾಗೆ ತಿದ್ದಿದೆ. ಈಗ ಹೇಗಿದೆ?

ಸಾವಿತ್ರಿ ದೊಡ್ಡಮ್ಮ: ಎಲೆ ಸರಿ ಬಂತು. ಹೂ ಇನ್ನೂ ಸ್ವಲ್ಪ ನೀಲಿಗೇ ಇದೆ. ನನ್ನ ಕೈಲಿರೋದು ಇದಕ್ಕಿಂತ ಕೆಂಪು.

ರಮ್ಯ: ಅದೇ ಕಷ್ಟ. ನೇರಳೆ ಹೂ ಕಣ್ಣಿಗೆ ಕೆಂಪನ್ನೂ ನೀಲಿಯನ್ನೂ ಸೇರಿಸಿ ಕಳಿಸುತ್ತೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯೋ ಸೆನ್ಸರ್ ಮೇಲೆ ನಾಲ್ಕು ಚೌಕಕ್ಕೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ ಗಾಜು ಇರುತ್ತೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ. ಆ ಗಾಜುಗಳು ಬೆಳಕನ್ನ ಸೋಸೋ ರೀತಿ ನಮ್ಮ ಕಣ್ಣಿನ ಥರ ಅಲ್ಲ. ಹಸಿರಿನಲ್ಲಿ ವ್ಯತ್ಯಾಸ ಕಾಣಲ್ಲ, ನೇರಳೆಯಲ್ಲಿ ಸಿಕ್ಕಿಬೀಳುತ್ತೆ. ನನ್ನ ದೊಡ್ಡ ಕ್ಯಾಮೆರಾದಲ್ಲೂ ನೇರಳೆ ಸ್ಫಟಿಕದ ಹೂ ನೀಲಿಗೇ ಜಾರುತ್ತೆ. ನಾನು ರಾ ಫೈಲ್, ಅಂದ್ರೆ ಕ್ಯಾಮೆರಾ ಇನ್ನೂ ತಿದ್ದದೇ ಇರೋ ಚಿತ್ರ, ತೆಗೆದು, ಹೂ ಕಿತ್ತು ಪರದೆ ಪಕ್ಕ ಹಿಡ್ಕೊಂಡು ಆ ನೀಲಿಯೊಂದನ್ನೇ ಕೆಂಪಿನ ಕಡೆ ಎಳೀತೀನಿ.

ಕಿಟ್ಟಣ್ಣ: ಹಾಗಾದ್ರೆ ಅದೂ ಫಿಲ್ಟರೇ ಆಯ್ತಲ್ಲ!

ರಮ್ಯ: ಇರ್ಬಹುದು ಕಿಟ್ಟಣ್ಣ. ಆದ್ರೆ ನಾನು ಹೂ ನೋಡಿ ತಿದ್ದೋದು. ಅಂಗಡಿಯವರು ಬೀಜದ ಪೊಟ್ಟಣ ಮಾರೋಕೆ ತಿದ್ದೋದು.

ಶಾರದತ್ತೆ: ನನ್ನ ಕೆಂಪು ದಾಸವಾಳ ಮೊನ್ನೆ ಬರೀ ಕುಂಕುಮದ ಉಂಡೆ ಥರ ಬಂತಲ್ಲ, ಅದೂ ಇದೇನಾ?

ರಮ್ಯ: ಅದು ಬೇರೆ ಅತ್ತೆ. ಕೆಂಪು 255ಕ್ಕೆ, ಅಂದ್ರೆ ಚಿತ್ರದ ಲೆಕ್ಕದಲ್ಲಿ ಬಣ್ಣದ ತುತ್ತತುದಿಗೆ, ಮುಟ್ಟಿ ನಿಂತ್ರೆ ಎಸಳಿನ ಗೆರೆ ಎಲ್ಲ ಅಳಿಸಿ ಹೋಗುತ್ತೆ. ಹೂ ಮುಟ್ಟಿ, ಪಕ್ಕ ಸೂರ್ಯನ ಗುರುತು ಬರುತ್ತಲ್ಲ, ಕೆಳಗೆ ಎಳೀರಿ. ಸ್ವಲ್ಪ ಕಪ್ಪಾದ್ರೂ ಪರವಾಗಿಲ್ಲ, ಗೆರೆ ಉಳಿಯುತ್ತೆ.

ಶಾರದತ್ತೆ: ಅತ್ತಿಗೆ, ಅಷ್ಟು ಬೇಜಾರಾದ್ರೆ ಗೆಡ್ಡೆ ವಾಪಸ್ ಕೊಡಿ. ಆಂಥೂರಿಯಂ ನಾನು ಕೊಡ್ತೀನಿ.

ಸಾವಿತ್ರಿ ದೊಡ್ಡಮ್ಮ: ಹೂ ಚೆನ್ನಾಗೇ ಇದೆ, ಯಾರು ಬೇಡ ಅಂದ್ರು?

ಶಾರದತ್ತೆ: ಮತ್ತೆ ಬೆಳಗ್ಗಿಂದ ಇಷ್ಟೆಲ್ಲ ಎಂಥಕ್ಕೆ?

ಸಾವಿತ್ರಿ ದೊಡ್ಡಮ್ಮ: ಈ ಸಂದೇಶವನ್ನು ಅಳಿಸಲಾಗಿದೆ

ಕಿಟ್ಟಣ್ಣ: ಅಮ್ಮ, ಅಳಿಸೋದ್ರೊಳಗೆ ಓದಿ ಆಯ್ತು 😂 ಪಕ್ಕದ ಮನೆಯವರಿಗೆ ಅದೇ ಫೋಟೋ ತೋರ್ಸಿ ಒಂದು ಗೆಡ್ಡೆ ಕೊಟ್ಟಿದ್ದೀರಾ?

ಸಾವಿತ್ರಿ ದೊಡ್ಡಮ್ಮ: ಅವರದ್ದು ಇನ್ನೂ ಮೊಗ್ಗು.

ಕಿಟ್ಟಣ್ಣ: ಅವರ ಅಂಗಳಕ್ಕೆ ಟಾರ್ಪಾಲು ಇದೆಯಾ, ಇಲ್ಲ ನಾವೇ ಒಂದು ಕೊಡೋಣ?